ಪಾಕೀಟಿನ ಹಸಿರು, ಫೋನಿನ ಕೆಂಪು

ಅವತ್ತು ಅಂಗನವಾಡಿಯ ಪಡಸಾಲೆಯಲ್ಲಿ ಇದ್ದವರು ಇಷ್ಟು ಮಂದಿ: ಹತ್ತು ಹನ್ನೆರಡು ತಾಯಂದಿರು, ಹೆಂಡತಿ ಕೂಲಿಗೆ ಹೋಗಿದ್ದಾಳೆಂದು ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಿದ್ದ ಒಬ್ಬನೇ ಒಬ್ಬ ತಂದೆ, ಅಂಗನವಾಡಿಯ ಟೀಚರ್, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ ಒಬ್ಬ ಅಜ್ಜಿ, ಮತ್ತು ನಾನು. ಅಜ್ಜಿಯನ್ನು ಯಾರೂ ಕರೆದಿರಲಿಲ್ಲ. ಸೊಸೆಗೆ ಫೋನಿನಲ್ಲಿ ಅದೇನು ಕಲಿಸುತ್ತಾರೋ ನೋಡಿಯೇ ಬಿಡೋಣವೆಂದು ತಾನಾಗಿ ಬಂದಿದ್ದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ಹಲ್ಲಿಲ್ಲದಿದ್ದರೂ ಮಾತಿಗೆ ಹಲ್ಲಿದ್ದವು.

ಊರು ಕೂಡ್ಲಿಗಿಯಿಂದ ಗುಡೇಕೋಟೆಗೆ ಹೋಗುವ ಕಡೆ, ಕುರುಚಲು ಗುಡ್ಡಗಳ ನಡುವೆ. ಅದರ ಹೆಸರು ಇಲ್ಲಿ ಬೇಡ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮಕ್ಕಳು ತಿನ್ನುವ ಪಾಕೀಟಿನ ತಿಂಡಿಗಳಲ್ಲಿ ಯಾವ ಬಣ್ಣ, ಯಾವ ರುಚಿಯ ಪುಡಿ, ಕೆಡದಂತೆ ಇಡುವ ಯಾವ ರಾಸಾಯನಿಕ ಬೆರೆಸಿದ್ದಾರೆ ಎಂದು ತಂದೆ ತಾಯಿಗೆ ತಿಳಿಸಲು ಒಂದು ಸಂಸ್ಥೆಯವರು ಮೊಬೈಲ್ ಆ್ಯಪ್ ಮಾಡಿಸಿದ್ದರು. ಪಾಕೀಟಿನ ಹಿಂದಿನ ಬಾರ್‌ಕೋಡಿಗೆ ಫೋನಿನ ಕ್ಯಾಮೆರಾ ಹಿಡಿಯಬೇಕು. ಅದು ಆ್ಯಪಿಗೆ ಗೊತ್ತಿರುವ ಮಾಲಾದರೆ ತಕ್ಷಣ ಉತ್ತರ. ಗೊತ್ತಿಲ್ಲದ್ದಾದರೆ ಸಣ್ಣಕ್ಷರದ ಪಟ್ಟಿಯ ಫೋಟೋ ತೆಗೆಯಬೇಕು. ಮಿನುಗುವ ಪಾಕೀಟಿನ ಮೇಲೆ ಬಿಸಿಲು ಬಿದ್ದರೆ ಅಕ್ಷರ ಹಿಡಿಯದು. ಹಾಗಾಗಿ ಪಾಕೀಟನ್ನು ತೊಡೆಯ ಮೇಲೆ ಹಿಗ್ಗಿಸಿ, ಸೆರಗಿನ ನೆರಳು ಮಾಡಿ, ಉಸಿರು ಬಿಗಿಹಿಡಿದು ತೆಗೆಯುವುದನ್ನು ಕಲಿಸುತ್ತಿದ್ದೆ. ಆಮೇಲೆ ಪರದೆಯ ಮೇಲೆ ಒಂದು ದುಂಡು ಗುರುತು ಮೂಡುತ್ತಿತ್ತು. ಹಸಿರಾದರೆ ಚಿಂತೆಯಿಲ್ಲ, ಹಳದಿಯಾದರೆ ಅಪರೂಪಕ್ಕೆ ಸಾಕು, ಕೆಂಪಾದರೆ ಸಣ್ಣ ಮಕ್ಕಳಿಗೆ ಮೇಲಿಂದ ಮೇಲೆ ಕೊಡಬಾರದು. ಗುರುತಿನ ಕೆಳಗೆ ಕಾರಣ ಬರೆದಿರುತ್ತಿತ್ತು, ಓದಬಲ್ಲವರಿಗೆ.

ಹರಪನಹಳ್ಳಿಯಲ್ಲಿ ಶುರುಮಾಡಿದ್ದೆ. ಪೇಟೆಯ ಹೆಣ್ಣುಮಕ್ಕಳು, ನನಗಿಂತ ಚುರುಕು. ಹಡಗಲಿ ಕಡೆ ಹೋದಾಗ ಫೋನುಗಳು ಗಂಡಸರ ಜೇಬಿನಲ್ಲಿದ್ದವು, ಗಂಡಸರು ಹೊಲದಲ್ಲಿದ್ದರು. ಹಿರೇಹಡಗಲಿಯಲ್ಲಿ ನೆಟ್‌ವರ್ಕ್ ಹಿಡಿಯಲು ನೀರಿನ ಟ್ಯಾಂಕಿನ ಕಟ್ಟೆ ಹತ್ತಿ ಸಭೆ ಮಾಡಿದ್ದೂ ಉಂಟು. ಹಗರಿಬೊಮ್ಮನಹಳ್ಳಿ ಮುಗಿಸಿ, ಕೊಟ್ಟೂರಿನಲ್ಲಿ ಒಂದು ಕೋಣೆ ಹಿಡಿದು, ಅಲ್ಲಿಂದ ಕೂಡ್ಲಿಗಿ ತಾಲ್ಲೂಕಿನ ಹಳ್ಳಿಗಳಿಗೆ ಓಡಾಡುತ್ತಿದ್ದೆ. ದಿನವಿಡೀ ಮಂದಿಯ ನಡುವೆ ಮಾತಾಡಿ, ಸಂಜೆ ಖಾನಾವಳಿಯ ಮೂಲೆಯ ಮೇಜಿನಲ್ಲಿ ಒಬ್ಬಳೇ ರೊಟ್ಟಿ ಮುರಿಯುವುದು. ಐದು ತಾಲ್ಲೂಕಿನ ಬಸ್ ನಿಲ್ದಾಣಗಳ ಕಲ್ಲುಬೆಂಚುಗಳಿಗೆ ನನ್ನ ಗುರುತು ಸಿಕ್ಕಿತ್ತು, ಊರುಗಳಿಗೆ ಸಿಕ್ಕಿರಲಿಲ್ಲ.

ಅವತ್ತಿನ ಸಭೆಯಲ್ಲಿ ತೋರಿಸಲು ಒಂದು ಪಾಕೀಟು ಬೇಕಾಗಿತ್ತು. ಒಂದು ಮಗು ಬೆರಳಿಗೊಂದೊಂದು ಸಿಕ್ಕಿಸಿಕೊಂಡು ತಿನ್ನುವ ಬಣ್ಣದ ಕೊಳವೆಗಳ ಪಾಕೀಟು ಹಿಡಿದಿತ್ತು. ಪುಸಲಾಯಿಸಿ ಇಸಿದುಕೊಂಡೆ.

"ಎಲ್ಲಿ ತಂದಿ ಬಂಗಾರಾ?"

"ಚಾಚಿ ಅಂಗಡ್ಯಾಗ."

ಎಲ್ಲರೂ ಬಗ್ಗಿ ನೋಡುತ್ತಿದ್ದರು. ಕ್ಯಾಮೆರಾ ಹಿಡಿದೆ. ಕ್ಷಣ ಹೊತ್ತು ಸುತ್ತಿ ಸುತ್ತಿ, ಗುರುತು ಮೂಡಿತು. ಕೆಂಪು.

ಗೋಡೆಯ ಕಡೆಯಿಂದ ಅಜ್ಜಿ ಕೇಳಿದಳು, "ಏನ ಬಂತಬೇ?"

"ಕೆಂಪು ಬಂತ್ರಿ ಅತ್ತಿ," ಎಂದಳು ಸೊಸೆ. ಅವಳ ದನಿ ಕುಗ್ಗಿತ್ತು.

ಒಬ್ಬಳು ಮಗುವಿನ ಬಾಯಿಗೆ ಬೆರಳು ಹಾಕಿ ಒಳಗಿದ್ದದ್ದನ್ನು ತೆಗೆದಳು. ಮತ್ತೊಬ್ಬಳು "ಶಿವಶಿವಾ" ಎಂದಳು. ಅಜ್ಜಿ ನೆಲಕ್ಕೆ ಕೈಯೂರಿ ಎದ್ದು ಹೊರಟುಹೋದಳು. ನಾನು 102, 110 ಎಂಬ ಬಣ್ಣಗಳ ಸಂಖ್ಯೆ ಎಲ್ಲಿ ಬರೆದಿರುತ್ತದೆ ಎಂದು ತೋರಿಸುತ್ತಾ ಇದ್ದೆ. ಯಾರೂ ಅತ್ತ ನೋಡಲಿಲ್ಲ. ಬಸ್ಸಿನಲ್ಲಿ ಕೂತಾಗ ಖುಷಿಯೇ ಆಗಿತ್ತು. ಯಾವ ಊರಿನಲ್ಲೂ ನನ್ನ ಮಾತು ಇಷ್ಟು ಬೇಗ ನಾಟಿರಲಿಲ್ಲ.

ವಾರದ ಮೇಲೆ ಮತ್ತೆ ಆ ಊರಿಗೆ ಹೋಗಬೇಕಿತ್ತು. ಎರಡನೇ ಭೇಟಿಯಲ್ಲಿ ಅಂಗಡಿಯವರನ್ನೂ ಮಾತಾಡಿಸಬೇಕೆಂಬುದು ನಿಯಮ. ಬಸ್ಸಿಳಿದು ಶಾಲೆಯ ಪಕ್ಕದ ಆ ಚಿಕ್ಕ ಅಂಗಡಿಗೆ ಹೋದೆ. ಪಾಕೀಟಿನ ಸರಗಳು ತೂಗಾಡುತ್ತಿದ್ದವು, ಒಂದೂ ಹರಿದಿರಲಿಲ್ಲ. ಶಾಲೆಗೆ ಊಟದ ಬಿಡುವು. ಮಕ್ಕಳು ಅಂಗಡಿಯ ಎದುರಿನಿಂದಲೇ ಓಡುತ್ತಿದ್ದರು, ಯಾರೂ ನಿಲ್ಲುತ್ತಿರಲಿಲ್ಲ. ಒಳಗೆ ಹಲಗೆಯ ಮೇಲೆ ಐವತ್ತರ ಮೇಲಿನ ಹೆಂಗಸು, ತಲೆಯ ಮೇಲೆ ಸೆರಗು, ಕೈಯಲ್ಲಿ ನೊಣ ಓಡಿಸುವ ರಟ್ಟು. ನಾನು ಯಾರೆಂದು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು.

"ಬರ್ರಿ ಅಕ್ಕೋರೆ. ಏನ್ ಕೊಡ್ಲಿ? ಕೆಂಪಂದು ಕೊಡ್ಲ್ಯಾ, ಹಸರಂದು ಕೊಡ್ಲ್ಯಾ?"

ನಗುವಂತಿರಲಿಲ್ಲ. "ಏನಾಯ್ತು ಚಾಚಿ?" ಎಂದೆ.

"ನೀವು ಫೋನ್ ಹಿಡಿದು ಹೋದ್ರಿ, ಊರು ನನ್ನ ಅಂಗಡಿ ಬಿಟ್ಟು ಹೋತು. ಚಾಚಿ ಮಕ್ಕಳಿಗೆ ಗೋಷ್ ತಿನ್ನಿಸ್ತಾಳಂತ, ಮಾಂಸ. ಅಕ್ಕೋರ ಫೋನಿನ್ಯಾಗ ಕೆಂಪು ಚುಕ್ಕಿ ಬಂತಂತ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವಳು ಒಂದು ಪಾಕೀಟು ಕಿತ್ತು ನನ್ನ ಮುಂದಿಟ್ಟು, ಅದರ ಮೂಲೆಯ ಮೇಲೆ ಉಗುರು ಊರಿದಳು. ಸಣ್ಣ ಚೌಕದೊಳಗೆ ಹಸಿರು ಚುಕ್ಕಿ. ಶಾಖಾಹಾರದ ಗುರುತು.

"ಇದು ಹಸರೈತಿ. ನಿಮ್ಮ ಫೋನಿನ್ಯಾಗ ಕೆಂಪು. ಹಂಗಾದ್ರ ಪಾಕೀಟು ಸುಳ್ಳು, ಫೋನ್ ಒಳಗಿಂದು ನೋಡ್ತೈತಿ ಅಂತಾರ. ಡಾಕ್ಟರು ಎಲುವಿನ ಫೋಟೋ ತಗಿಯಂಗಿಲ್ಲೇನು, ಹಂಗ."

ಹಲಗೆಯ ಅಂಚಿಗೆ ಕೂತುಬಿಟ್ಟೆ. ಈ ಕಡೆಯ ಅಕ್ಷರ ಬಾರದ ಮನೆಗಳಲ್ಲಿ ಪಾಕೀಟಿನ ಮೇಲೆ ಓದಬಲ್ಲ ಗುರುತು ಒಂದೇ, ಆ ಚುಕ್ಕಿ. ಹಸಿರಾದರೆ ಒಳಗೆ ಕಾಳುಕಡಿ, ಕೆಂಪಾದರೆ (ಕಂದನ್ನೂ ಇಲ್ಲಿ ಕೆಂಪೆಂದೇ ಅನ್ನುವುದು) ಮಾಂಸ ಮೊಟ್ಟೆ. ಅದನ್ನು ನೋಡಿಯೇ ಲಿಂಗ ಕಟ್ಟಿದ ಮನೆಗಳು ಮಕ್ಕಳ ಕೈಗೆ ಕಾಸು ಕೊಟ್ಟು ಕಳಿಸುತ್ತಿದ್ದವು. ನಾನು ಅದೇ ಆಕಾರದ, ಅದೇ ಎರಡು ಬಣ್ಣದ ಗುರುತನ್ನು ತಂದು, ಬೇರೆ ಅರ್ಥ ಹೇಳಿ ಹೋಗಿದ್ದೆ.

"ನಮ್ಮನ್ಯಾಗ ನಾವು ಮಾಡೋದು ನಮ್ಮ ಒಲಿ ಮ್ಯಾಲೆ," ಎಂದಳು ಚಾಚಿ. ಈಗ ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. "ಅಂಗಡ್ಯಾಗ ಒಂದು ಮಿರ್ಚಿನೂ ಕರಿಯಂಗಿಲ್ಲ ನಾನು. ನಾ ಕರದದ್ದು ಅರ್ಧ ಊರು ಮುಟ್ಟಂಗಿಲ್ಲ, ಗೊತ್ತೈತಿ ನನಗ. ಸಿಟ್ಟಿಲ್ಲ, ಅವರ ಪದ್ಧತಿ ಅವರಿಗೆ. ಅದಕ್ಕ ಬರೇ ಪಾಕೀಟು ಇಟ್ಟೆ. ಪಾಕೀಟಿಗೆ ಜಾತಿ ಇಲ್ಲ ಅಕ್ಕೋರೆ. ಯಾರು ಕೊಟ್ರೂ ತಗೋತಾರ. ಈಗ ಅದಕ್ಕೂ ಹಚ್ಚಿ ಹೋದ್ರಿ."

ಮಕ್ಕಳು ಪಾಕೀಟು ತಿನ್ನುವುದು ಕಡಿಮೆಯಾಗಲಿ ಎಂದು ಊರೂರು ತಿರುಗುವವಳು ನಾನು. ಪಾಕೀಟೊಂದನ್ನೇ ಮಾರಬಲ್ಲವಳು ಅವಳು. ಬಣ್ಣ ಹೆಚ್ಚೆಂದು ಮಂದಿ ತಿಂಡಿ ಬಿಟ್ಟಿದ್ದರೆ ನನ್ನ ಕೆಲಸ ಆಯಿತೆಂದುಕೊಳ್ಳಬಹುದಿತ್ತು. ಬಿಟ್ಟಿದ್ದು ಆ ಕಾರಣಕ್ಕಲ್ಲ.

ಟೀಚರ್ ಮನೆಗೆ ಹೋದೆ. ಆಕೆ ಬಾಗಿಲಲ್ಲೇ ನಿಂತು, ಅತ್ತಿತ್ತ ನೋಡಿ ಹೇಳಿದರು: "ಮೊದಲು ಆಡಿದ್ದು ಆ ಅಜ್ಜಿರೀ. ಆಕಿ ಮಾತು ಅಂದ್ರ ಈ ಓಣ್ಯಾಗ ಮುಗೀತು. ಸುಮ್ಮನ ಇದ್ದುಬಿಡ್ರಿ ಮೇಡಂ, ನಾಲ್ಕು ದಿನಕ್ಕ ಮರೀತಾರ."

ಮರೆಯುವ ಮಾತಲ್ಲ ಅದು. ಮಡಕೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚಲಾಗದು ಎನ್ನುತ್ತಿದ್ದ ನಮ್ಮಜ್ಜ. ನಾಲ್ಕು ದಿನಕ್ಕೆ ಅದು ಪಕ್ಕದ ಊರಿಗೆ ಹೋಗುತ್ತದೆ. ಅಲ್ಲಿಗೆ ಹೋಗುವಾಗ ಅದಕ್ಕೆ ಚಾಚಿಯ ಹೆಸರಷ್ಟೇ ಅಲ್ಲ, ಅವಳ ಮಂದಿಯ ಹೆಸರೂ ಅಂಟಿಕೊಳ್ಳುತ್ತದೆ.

ಅಲ್ಲೇ ಬೇವಿನ ಮರದ ಕೆಳಗೆ ನಿಂತು ಕಚೇರಿಗೆ ಫೋನ್ ಮಾಡಿದೆ. ಮುಖ್ಯಸ್ಥರು ಒಳ್ಳೆಯವರೇ, ಪೂರ್ತಿ ಕೇಳಿಸಿಕೊಂಡರು. "ಮೇಡಂ, ಕೆಂಪು ಅಂದರೆ ನಿಲ್ಲು, ಹಸಿರು ಅಂದರೆ ಹೋಗು. ಸಿಗ್ನಲ್ ದೀಪ ಯಾರಿಗೆ ಗೊತ್ತಿಲ್ಲ ಹೇಳಿ?"

"ಸರ್, ನಾನು ನಿಂತಿರೋ ಜಾಗದಿಂದ ಹತ್ತಿರದ ಸಿಗ್ನಲ್ ದೀಪಕ್ಕೆ ಎರಡು ಬಸ್ ಬದಲಾಯಿಸಬೇಕು. ಇವರು ದಿನಾ ನೋಡೋ ಕೆಂಪು ಹಸಿರು ಪಾಕೀಟಿನ ಮೇಲಿಂದು."

ಮುಂದಿನ ಸಲ ಆ್ಯಪ್ ಬದಲಿಸುವಾಗ ವಿಚಾರ ಮಾಡೋಣ, ಸದ್ಯಕ್ಕೆ ತಿಳಿಹೇಳಿ ಎಂದರು. ಫೋನ್ ಇಟ್ಟ ಮೇಲೆ ನನ್ನ ಪಕ್ಕ ಯಾರೂ ಇಲ್ಲವೆಂಬುದು ಗೊತ್ತಾಯಿತು. ಜೊತೆಗೆ ಒಬ್ಬರಿದ್ದಿದ್ದರೆ ಏನು ಮಾಡೋಣವೆಂದು ಕೇಳಬಹುದಿತ್ತು. ಸರಿ, ಮನೆಮನೆಗೆ ಹೋಗಿ, ಸಭೆಯಲ್ಲಿ ಫೋನುಗಳಿಗೆ ಹಾಕಿಸಿದ್ದ ಆ್ಯಪ್ ತೆಗೆಸಿಬಿಡುವುದು ಎಂದುಕೊಂಡೆ. ಕೆಂಪು ಗುರುತೇ ಇಲ್ಲವಾದರೆ ಮಾತು ಎಷ್ಟು ದಿನ ನಿಂತೀತು?

ಅದೇ ದೊಡ್ಡ ಎಡವಟ್ಟಾಯಿತು. ಮೂರನೇ ಮನೆಯ ಹೆಂಗಸು ಫೋನನ್ನು ಬೆನ್ನ ಹಿಂದೆ ಹಿಡಿದಳು.

"ಯಾಕ ತಗೀತೀರಿ? ಹಾಕ್ದೋರು ನೀವ ಅಲ್ಲೇನು?"

"ಇದರಲ್ಲಿ ಒಂದು ತಪ್ಪಿದೆ ತಾಯಿ, ಗುರುತು..."

"ತಪ್ಪೇನಿಲ್ಲ. ಚಾಚಿ ಅಂಗಡ್ಯಾಗ ಭಾಳ ಹೊತ್ತು ಕುಂತಿದ್ರಂತಲ್ಲ? ಈಗ ಮುಚ್ಚಿಡಾಕ ಬಂದೀರಿ."

ಅಲ್ಲಿಂದ ಮುಂದಿನ ಮನೆಗಳಿಗೆ ನನಗಿಂತ ಮೊದಲೇ ಸುದ್ದಿ ಹೋಗಿತ್ತು. ಬಾಗಿಲುಗಳು ಮುಚ್ಚಿದ್ದವು. ಬಿಸಿಲು ಸುಡುತ್ತಿತ್ತು. ಈ ಕಡೆ ಹೊಸಬರು ಮನೆಯ ಮುಂದೆ ನಿಂತರೆ ಮೊದಲು ಬರುವ ಮಾತು "ನೀರು ಕುಡೀರಿ". ಆವತ್ತು ಒಂದು ಮನೆಯಿಂದಲೂ ಆ ಮಾತು ಬರಲಿಲ್ಲ. ಕಟ್ಟೆಯೊಂದರ ಮೇಲೆ ಕೂತು, ಚೀಲದ ಬಾಟಲಿಯ ಬೆಚ್ಚಗಿನ ನೀರು ಕುಡಿದೆ. ಎದುರಿಗೆ ದೂರದಲ್ಲಿ ಚಾಚಿ ರಟ್ಟು ಬೀಸುತ್ತಾ ಕೂತಿದ್ದು ಕಾಣುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಕೈ ಎತ್ತಲು ಇಬ್ಬರಿಗೂ ಆಗಲಿಲ್ಲ.

ಕೊನೆಗೆ ಅಜ್ಜಿಯ ಮನೆಗೇ ಹೋದೆ. ಸೊಸೆ ಹೊಲದ ಕಡೆ ಹೋಗಿದ್ದಳು. ಅಜ್ಜಿ ಒಲೆಯ ಮುಂದೆ ಇದ್ದಳು, ಬಾಣಲೆಯಲ್ಲಿ ತುಪ್ಪ ಹಾಕಿ ರವೆ ಹುರಿಯುತ್ತಿದ್ದಳು. ಸೋಮವಾರ, ದೇವರ ಎಡೆಗೆ ಶಿರಾ.

"ಬಾರವ್ವ ಫೋನಿನಾಕಿ," ಎಂದಳು, ತಿರುಗಿಯೂ ನೋಡದೆ. "ಆಕಿ ಪರವಾಗಿ ಮಾತಾಡಾಕ ಬಂದಿದ್ರ ಹೊಸ್ತಿಲ ಹೊರಗ ಮಾತಾಡು. ನೀರು ಬೇಕಾಗಿದ್ರ ಒಳಗ ಬಾ."

"ನೀರು ಬೇಕಜ್ಜಿ."

ಚೊಂಬು ತಂದು ಕೊಟ್ಟಳು. ಕುಡಿದೆ. ಬಣ್ಣಕ್ಕೂ ಮಾಂಸಕ್ಕೂ ಸಂಬಂಧವಿಲ್ಲ, ಅದು ಕಾರ್ಖಾನೆಯಲ್ಲಿ ಮಾಡುವ ಪುಡಿ, ಆ್ಯಪ್ ಹೇಳುವುದು ಅದರ ಬಗ್ಗೆ ಎಂದೆಲ್ಲ ಶುರುಮಾಡಿದೆ. ಅವಳು ಸೌಟು ಆಡಿಸುತ್ತಾ "ಹ್ಞೂಂ, ಹ್ಞೂಂ" ಎನ್ನುತ್ತಿದ್ದಳು. ಆ ಹೂಂಗುಟ್ಟುವಿಕೆ ನನಗೆ ಗೊತ್ತು. ಪುರಾಣ ಕೇಳುವವರು ನಿದ್ದೆ ಬಂದಾಗ ಹಾಗೇ ಅನ್ನುತ್ತಾರೆ.

ರವೆಗೆ ನೀರು ಬಿತ್ತು, ಸಕ್ಕರೆ ಬಿತ್ತು. ಅಜ್ಜಿ ಗೂಡಿಗೆ ಕೈ ಹಾಕಿ ಒಂದು ಪುಟ್ಟ ಪಾಕೀಟು ತೆಗೆದಳು. ಕಿತ್ತಳೆ ಬಣ್ಣದ ಪುಡಿ, ಕೇಸರಿ ಬಣ್ಣವೆಂದು ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುವುದು. ಅದರ ಮೂಲೆಯಲ್ಲೂ ಹಸಿರು ಚುಕ್ಕಿ ಇತ್ತು.

ನನ್ನ ಫೋನು ಮಡಿಲಲ್ಲಿತ್ತು. ಏನು ಬರುತ್ತದೆಂದು ನನಗೆ ಗೊತ್ತಿತ್ತು. ಹಾಗೆಂದೇ ಕೈ ಏಳಲಿಲ್ಲ. ಎಡೆಯ ಪದಾರ್ಥ ಅದು. ವಯಸ್ಸಾದವಳು, ಮಡಿಯಲ್ಲಿ ಇದ್ದಾಳೆ. ಒಬ್ಬ ಹೆಂಗಸಿನ ಅಂಗಡಿ ಉಳಿಸಲು ಇನ್ನೊಬ್ಬ ಹೆಂಗಸಿನ ದೇವರ ಕೋಣೆಗೆ ಕೆಂಪು ಹಚ್ಚುವುದೇ? ಸುಮ್ಮನೆ ಎದ್ದು ಹೋಗಿ ಮುಂದಿನ ಬಸ್ಸು ಹಿಡಿದರೆ ಯಾರೂ ನನ್ನನ್ನು ಕೇಳುವವರಿರಲಿಲ್ಲ. ನಾಳೆ ಬೇರೆ ಊರು.

"ಅಜ್ಜಿ," ಎಂದೆ. "ಅದನ್ನೂ ಒಂದು ಸಲ ಫೋನಿಗೆ ತೋರಿಸಲೇನು? ನೀವು ಹೂಂ ಅಂದರೆ ಮಾತ್ರ."

"ತೋರ್ಸು. ಹಸರ ಬರ್ತೈತಿ."

"ಕೆಂಪು ಬಂದರೆ?"

ಈಗ ಅವಳು ನನ್ನ ಕಡೆ ತಿರುಗಿದಳು. "ದೇವರ ಎಡಿಗೆ ಹಾಕೋದು ಕೆಂಪು ಹೆಂಗ ಬರ್ತೈತಿ? ತೋರ್ಸು ಅಂದ್ನೆಲ್ಲ."

ಪಾಕೀಟನ್ನು ತೊಡೆಯ ಮೇಲೆ ಹಿಗ್ಗಿಸಿ ಹಿಡಿದೆ. ಒಲೆಯ ಬೆಳಕು ಸಾಲದೆ ಮೊದಲ ಸಲ ಹಿಡಿಯಲಿಲ್ಲ. ಅಜ್ಜಿಯೇ ಕಿಟಕಿಯ ಕದ ಸರಿಸಿದಳು. ಎರಡನೇ ಸಲ ಹಿಡಿಯಿತು.

ಕೆಂಪು.

ಶಿರಾ ತಳ ಹಿಡಿಯುವ ವಾಸನೆ ಬಂತು. ಅಜ್ಜಿ ಬಾಣಲೆ ಇಳಿಸಿದಳು, ಸೌಟು ಕೆಳಗಿಟ್ಟಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅವಳ ಮುಖ ನೋಡಲಿಲ್ಲ.

"ಅತ್ತಿ ಮನಿಗೆ ಬಂದಾಗಿಂದ ಇದನ್ನ ಹಾಕ್ತೀನಿ," ಎಂದಳು. "ನಾನು ಶಿವಗ ಮಾಂಸ ಉಣಿಸೀನೇನು?"

"ಇಲ್ಲಜ್ಜಿ. ಇದರಲ್ಲಿ ಮಾಂಸ ಇಲ್ಲ. ಆ ಪಾಕೀಟಿನಲ್ಲೂ ಇರಲಿಲ್ಲ."

"ಹಂಗಾದ್ರ ಫೋನಿನ ಕೆಂಪು ಬ್ಯಾರೆ, ಪಾಕೀಟಿನ ಕೆಂಪು ಬ್ಯಾರೆ?"

"ಬೇರೆ."

"ಬ್ಯಾರೆ ಇದ್ದ ಮ್ಯಾಲೆ ಅದ ಬಣ್ಣ ಯಾಕ ಹಚ್ಚಿದ್ರಲೇ ಖೋಡಿಗಳ್ರಾ! ಜಗತ್ತಿನ್ಯಾಗ ಮತ್ತೊಂದು ಬಣ್ಣ ಇರಲಿಲ್ಲೇನು ನಿಮಗ?"

ಕಚೇರಿಯವರು ಕೇಳಬೇಕಾಗಿದ್ದ ಮಾತು. ಕೇಳಿಸಿಕೊಂಡವಳು ನಾನು. ಬೈಗುಳ ತಿಂದರೂ ಎದೆಯ ಮೇಲಿನ ಕಲ್ಲು ಸ್ವಲ್ಪ ಜರುಗಿತು.

ಆಮೇಲೆ ಅವಳೇ ಕೇಳಿದಳು, ಹಾಗಾದರೆ ಕೆಂಪು ಯಾಕೆ ಬಂತು, ಇದು ವಿಷವೇ? ವಿಷವಲ್ಲ, ಕಾನೂನು ಒಪ್ಪಿದ ಬಣ್ಣವೇ, ಆದರೆ ಅದಕ್ಕೊಂದು ಮಿತಿ ಇದೆ ಎಂದೆ. ಎಷ್ಟು ಹಾಕುತ್ತೀರಿ ಎಂದು ಕೇಳಿದೆ. "ಕಣ್ಣಿಗೆ ಹಿತ ಆಗೋತನ," ಎಂದಳು. ದೊಡ್ಡವರ ಕಣ್ಣಿಗೆ ಹಿತವಾಗುವಷ್ಟು ಹಾಕಿದರೆ ಸಣ್ಣ ಹೊಟ್ಟೆಗೆ ಹೆಚ್ಚಾಗುತ್ತದೆ. ಅದೇ ಮಗು ಅಂಗಡಿಯಲ್ಲೂ ಬಣ್ಣ ತಿಂದು ಮನೆಯಲ್ಲೂ ಬಣ್ಣ ತಿಂದರೆ ಎರಡೂ ಕೂಡುತ್ತದೆ ಎಂದೆ. ಅಷ್ಟೂ ತಿಂಗಳಲ್ಲಿ ನಾನು ನಿಜವಾಗಿ ಒಬ್ಬರಿಗೆ ಏನಾದರೂ ತಿಳಿಸಿದ್ದೆಂದರೆ ಆ ಹೊತ್ತು. ಫೋನು ನೆಲದ ಮೇಲೆ ಬೋರಲಾಗಿ ಬಿದ್ದಿತ್ತು.

ಅಜ್ಜಿ ಪುಡಿಯ ಪಾಕೀಟನ್ನು ಮಡಚಿ ಗೂಡಿಗೆ ಹಾಕಿದಳು. "ಬೆಳ್ಳಗಿದ್ರ ದೇವರು ಉಣ್ಣಂಗಿಲ್ಲೇನು? ಉಣ್ತಾನ." ಬಾಣಲೆಯ ಮೇಲೆ ತಟ್ಟೆ ಮುಚ್ಚಿ ಎದ್ದಳು.

"ನಾನೂ ಬರಲೇನು?" ಎಂದೆ.

"ನೀ ಯಾಕ? ಆಡಿದಾಕಿ ನಾನು, ಅದು ಸುಳ್ಳಂತ ಹೇಳಬೇಕಾದಾಕಿನೂ ನಾನ. ನಿನ್ನ ಕಟ್ಟಿಗೊಂಡು ಹೋದ್ರ ಮುಗೀತು, ಈ ಮುದಿಕಿಗೂ ಚಾಚಿ ಏನೋ ತಿನ್ನಿಸ್ಯಾಳ ಅಂತಾರ. ನೀ ಬಸ್ಸಿಗೆ ನಡಿ."

ಬಸ್ಸಿಗೆ ನಡೆದೆ. ಅಜ್ಜಿ ಯಾವ ಮನೆಗೆ ಹೋದಳು, ಏನು ಹೇಳಿದಳು, ಒಂದೂ ನಾನು ಕಾಣಲಿಲ್ಲ. ನಮ್ಮ ಕೆಲಸದ ಒಂಟಿತನ ಅದು. ಮಾತು ಬಿತ್ತಿದ ಮೇಲೆ ಮೊಳಕೆ ನೋಡಲು ಊರಿನಲ್ಲಿ ಇರುವುದಿಲ್ಲ.

ಉಳಿದ ಊರುಗಳಲ್ಲಿ ಆ್ಯಪನ್ನು ಯಾರ ಫೋನಿಗೂ ಹಾಕಲಿಲ್ಲ. ಪಾಕೀಟಿನ ಹಿಂದಿನ ಸಂಖ್ಯೆಗಳನ್ನು ಬಾಯಲ್ಲೇ ಹೇಳಿದೆ. ಒಲೆಯ ಮುಂದೆ ಕೂರಲು ಬಿಟ್ಟವರ ಮನೆಯಲ್ಲಿ ಅಡಿಗೆಯ ಗೂಡಿನಿಂದಲೇ ಶುರುಮಾಡಿದೆ. ಹಾಗೆ ಮಾಡಿದ್ದೇನೆಂದು ಕಚೇರಿಗೂ ತಿಳಿಸಿದೆ. ಮುಖ್ಯಸ್ಥರು ಬೈಯಲಿಲ್ಲ. ಹೊಸ ಆ್ಯಪ್ ಬರುವವರೆಗೆ ಕೂಡ್ಲಿಗಿ ಕಡೆ ಹೋಗುವುದು ಬೇಡ, ಹರಪನಹಳ್ಳಿಯಲ್ಲೇ ಇರಿ ಎಂದರು.

ಶೇಂಗಾ ಕಿತ್ತ ಮೇಲೊಂದು ದಿನ, ಬೇರೆ ಕೆಲಸದ ಮೇಲೆ ನಾನು ಗುಡೇಕೋಟೆಗೆ ಹೊರಟಿದ್ದ ಬಸ್ಸು ಆ ಊರಿನಲ್ಲಿ ನಿಂತಿತು. ಕಂಡಕ್ಟರ್ ಚಹಾ ಕುಡಿಯಲು ಇಳಿದ. ನಾನೂ ಇಳಿದೆ. ಚಾಚಿಯ ಅಂಗಡಿಯಲ್ಲಿ ಪಾಕೀಟಿನ ಸರಗಳು ಕಡಿಮೆಯಾಗಿದ್ದವು. ಮುಂದೆ ಒಲೆ ಹೂಡಿ, ಕಬ್ಬಿಣದ ಬಾಣಲೆಯಲ್ಲಿ ಮರಳು ಕಾಯಿಸಿ, ಸಿಪ್ಪೆ ಸಹಿತ ಶೇಂಗಾ ಹುರಿಯುತ್ತಿದ್ದಳು. ಶಾಲೆಯ ಮಕ್ಕಳು ಸುತ್ತ ನಿಂತಿದ್ದರು. ಒಲೆಯಿಂದ ಒಂದು ಮಾರು ದೂರದಲ್ಲಿ, ತನ್ನದೇ ಮಣೆ ಹಾಕಿಕೊಂಡು ಅಜ್ಜಿ ಕೂತಿದ್ದಳು. ಸಿಪ್ಪೆ ಬಿಡಿಸಿ ಮೊಮ್ಮಗಳ ಬಾಯಿಗೆ ಕಾಳು ಹಾಕುತ್ತಿದ್ದಳು.

"ಇದು ಇವರದ ಉಪಾಯ ಅಕ್ಕೋರೆ," ಎಂದಳು ಚಾಚಿ ನನ್ನನ್ನು ನೋಡಿ. "ಸಿಪ್ಪಿ ಇದ್ದದ್ದು ಹುರಿ, ಅದಕ್ಕ ಮೈಲಿಗಿ ಇಲ್ಲ ಅಂದ್ರು."

"ದೇವರ ಪಾಕೀಟು ಮಾಡಿ ಕಳಿಸ್ಯಾನ ಅದನ್ನ. ಬಿಚ್ಚೋರು ನಾವು," ಎಂದಳು ಅಜ್ಜಿ.

"ನೀವೂ ತಿನ್ರಿ ಅಜ್ಜಿ."

"ಹಲ್ಲೆಲ್ಲೈತವ್ವ ನನಗ?"

"ಕುಟ್ಟಿ ಕೊಡ್ಲ್ಯಾ?" ಎಂದು ಕೇಳಿದಳು ಚಾಚಿ, ಮರಳು ಕೆದಕುತ್ತಾ, ತಲೆ ಎತ್ತದೆ.

ಅಜ್ಜಿ ಕೈಯಲ್ಲಿದ್ದ ಕಾಯನ್ನು ಬಿಡಿಸಲಿಲ್ಲ. "ಇವತ್ತ ಬ್ಯಾಡ," ಎಂದಳು. ಕಂಡಕ್ಟರ್ ಸೀಟಿ ಊದಿದ. ಹತ್ತಿ ಕೂತೆ.

ದೀಪಾವಳಿ ಆದ ಮೇಲೆ ಅಂಗನವಾಡಿಯ ಟೀಚರ್ ಯಾವುದೋ ವಿಚಾರಕ್ಕೆ ಫೋನ್ ಮಾಡಿದ್ದರು. ಎಲ್ಲ ಮಾತು ಮುಗಿದ ಮೇಲೆ, ಇಡುವ ಮುಂಚೆ ಹೇಳಿದರು: "ಅಂದಂಗ ಮೇಡಂ, ಆ ಅಜ್ಜಿ ನಿನ್ನೆ ಚಾಚಿ ಹತ್ರ ಶೇಂಗಾ ಕುಟ್ಟಿಸಿಕೊಂಡು ತಿಂದ್ಳುರೀ, ಎಲ್ಲರ ಮುಂದ. ಎಲಿ ಅಡಕಿ ಕುಟ್ಟೋ ಕುಟ್ಟಾಣಿ ಮಾತ್ರ ತನ್ನ ಮನೀದ ಒಯ್ದಿದ್ಳು."